ತೂಬಿನ ಮೂಲೆ

ಕೆರೆಯಲ್ಲಿ ಕೆರೆಯುವ ಕೆಲಸ ಅವಳದು. ಮಾತು ಭಾವನದು; ಅಕ್ಕನ ಗಂಡನಾದ ಅವರು ಇಂಥದ್ದೊಂದನ್ನು ಹೊಸೆಯದೆ ಊಟಕ್ಕೆ ಕೂತವರಲ್ಲ. ಆದರೆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎದೆಮಟ್ಟದ ರಬ್ಬರ್ ಪ್ಯಾಂಟು ಏರಿಸಿಕೊಂಡು, ಮೊಣಕಾಲವರೆಗೆ ಕೆಸರಿಗೆ ಕಾಲು ಕೊಟ್ಟು, ಮುಳುಗಿದ ಕೊಂಬೆಯೋ ಕಲ್ಲೋ ತಾವರೆದಂಟೋ ಯಾವುದು ಸಿಕ್ಕರೂ ಅದರ ಅಡಿಯನ್ನು ಕೈಯಿಂದ ತಡವಿ, ಅಂಟಿಕೊಂಡದ್ದನ್ನು ಮೊಂಡು ಚಾಕುವಿನಿಂದ ಕೆರೆದು ಸೀಸೆಗೆ ಹಾಕುವುದೇ ಅವಳ ಸಂಶೋಧನೆ.

ಅವಳು ಹುಡುಕುತ್ತಿದ್ದದ್ದು ಬ್ರಯೋಜೋವ ಎಂಬ ಜೀವಿಯನ್ನು. ಕಣ್ಣಿಗೆ ಪಾಚಿ, ಕೈಗೆ ಪಾಚಿ, ಜಾತಿಯಲ್ಲಿ ಮಾತ್ರ ಪ್ರಾಣಿ. ಕಂದು ದಾರಗಳು ಹೆಣೆದುಕೊಂಡಂಥ ಒಂದು ಚಾಪೆ, ದಾರದ ಉದ್ದಕ್ಕೂ ಸಾವಿರಾರು ಪುಟ್ಟ ಕೋಣೆ, ಕೋಣೆಗೊಂದು ಬಾಯಿ, ಬಾಯಿಯ ಸುತ್ತ ಕುದುರೆಲಾಳದ ಆಕಾರದಲ್ಲಿ ಕೂದಲೆಳೆಯ ಕಿರೀಟ. ನೀರು ಹೊತ್ತು ತಂದದ್ದನ್ನು ತಿನ್ನುವುದು, ಯಾರಾದರೂ ಮುಟ್ಟಿದರೆ ತಲೆ ಒಳಗೆಳೆದುಕೊಳ್ಳುವುದು, ಇಷ್ಟೇ ಅದರ ಬಾಳು.

"ಥೇಟ್ ನಮ್ಮ ಆಫೀಸು," ಅಂದಿದ್ದರು ಭಾವ, ಮೊದಲ ಸಲ ಭೂತಗನ್ನಡಿಯಲ್ಲಿ ನೋಡಿದಾಗ. "ಅರ್ಜಿ ಹಿಡ್ಕೊಂಡು ಯಾರಾದ್ರೂ ಬಂದ್ರೆ ಸಾಕು, ಎಲ್ಲರ ತಲೆಯೂ ಒಳಗೆ!"

ಅವತ್ತೇ ಅವಳಿಗೆ ಪಾಚಿ ಮೇಡಂ ಎಂದು ಹೆಸರಿಟ್ಟರು. ಮೇಡಂ ಉದುರಿ ಬರೀ ಪಾಚಿ ಉಳಿಯುವುದಕ್ಕೆ ಬಹಳ ದಿನ ಬೇಕಾಗಲಿಲ್ಲ.

ಕೆರೆ ಅಗಲವೇ ಹೊರತು ಆಳವಲ್ಲ. ನಟ್ಟನಡುವೆ ನಿಂತರೂ ನೀರು ಪಾಚಿಯ ಎದೆ ದಾಟುತ್ತಿರಲಿಲ್ಲ. ಆಳವಿಲ್ಲ ಎಂಬ ಕಾರಣಕ್ಕೆ ಯಾರಿಗೂ ಅದರ ಭಯವಿರಲಿಲ್ಲ. ಅಗಲ ಎಷ್ಟು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಲೆಮಾರುಗಳ ಹೂಳು ತುಂಬಿ ಕೆರೆಯ ನೆಲ ಮೇಲೆದ್ದು ಬಂದಿತ್ತು. ಅದನ್ನು ತಡೆದು ನಿಂತ ಮಣ್ಣಿನ ಏರಿಯ ಹೊರಬದಿ ಮಾತ್ರ ಹಳೆಯ ಆಳಕ್ಕೇ ಇಳಿಯುತ್ತಿತ್ತು. ಏರಿಯ ಮೇಲೆ ನಿಂತು ಎಡಕ್ಕೆ ನೋಡಿದರೆ ಕೆರೆ, ಬಲಕ್ಕೆ ನೋಡಿದರೆ ಕೆಳಗೊಂದು ಬೀದಿ. ಕೆರೆಯ ತಳಕ್ಕೂ ಆ ಬೀದಿಯ ಚಾವಣಿಗಳಿಗೂ ಒಂದೇ ಮಟ್ಟ. ಬೀದಿಯ ಕೊನೆಯ ಮನೆ ಅಕ್ಕನದು. ಅದರ ಹಿತ್ತಿಲು ಏರಿಯ ಬುಡಕ್ಕೆ ಬೆನ್ನು ಕೊಟ್ಟು ಕೂತಿತ್ತು.

ಏರಿಯನ್ನು ನೋಡಿಕೊಳ್ಳುವ ಕೆಲಸ ಭಾವನದೇ. ನೀರು ಸರಬರಾಜು ಆಫೀಸಿನಲ್ಲಿ ಅವರು ಮೇಲ್ವಿಚಾರಕರು. ಕೆಲಸಕ್ಕಿಂತ ಹೆಚ್ಚು ಹೆಸರು ಮಾಡಿದ್ದು ಅವರ ಗಂಟಲು. ಯಾರ ಧ್ವನಿಯನ್ನಾದರೂ ಎರಡು ನಿಮಿಷ ಕೇಳಿದರೆ ಮೂರನೇ ನಿಮಿಷಕ್ಕೆ ಅದು ಅವರ ಬಾಯಲ್ಲಿರುತ್ತಿತ್ತು. ದೊಡ್ಡ ಸಾಹೇಬರ ಮೂಗಿನ ಮಾತು, ಬಾಗಿಲು ಕಿರ್ರೆನ್ನುವ ಸದ್ದು, ಹೆಂಡತಿ ಬೈಯುವುದಕ್ಕೆ ಮುಂಚೆ ಎಳೆದುಕೊಳ್ಳುವ ಉಸಿರು, ಯಾವುದಕ್ಕೂ ವಿನಾಯಿತಿ ಇರಲಿಲ್ಲ.

ಸಮೀಕ್ಷೆಗೆಂದು ಪಾಚಿ ಕೆರೆಯ ಸುತ್ತ ಅಲ್ಲಲ್ಲಿ ಹಗ್ಗ ಕಟ್ಟಿ ಪ್ಲಾಸ್ಟಿಕ್ ಹಲಗೆಗಳನ್ನು ನೀರೊಳಗೆ ಮಲಗಿಸಿ ತೂಗಿಬಿಟ್ಟಿದ್ದಳು. ಪ್ರಾಣಿ ಬೆಳಕಿಗೆ ಬೆನ್ನು ಹಾಕಿ ಹಲಗೆಯ ಅಡಿಯಲ್ಲಿ ಬೆಳೆಯುತ್ತದೆ; ತಿಂಗಳಿಗೊಮ್ಮೆ ಎತ್ತಿ ಎಷ್ಟು ಬೆಳೆದಿದೆ ಎಂದು ನೋಡಬೇಕು. ಎಲ್ಲ ಕಡೆಯೂ ಅಷ್ಟಕ್ಕಷ್ಟೇ. ತಲೆ ಬೋಳಾದವನ ಕಿವಿಯ ಹತ್ತಿರ ಉಳಿದ ಕೂದಲಿನಷ್ಟು. ಹಳೆಯ ತೂಬಿನ ಮೂಲೆಯಲ್ಲಿ ಮಾತ್ರ ಕತೆ ಬೇರೆ. ಒಂದು ಕಾಲದಲ್ಲಿ ಕೆರೆಯ ನೀರನ್ನು ಏರಿಯಡಿಯಿಂದ ಹೊರಗೆ ಬಿಡುತ್ತಿದ್ದ ತೂಬು ಅದು. ಏರಿಯ ಇನ್ನೊಂದು ತುದಿಯಲ್ಲಿ ಕಬ್ಬಿಣದ ಗೇಟು ಬಂದ ಮೇಲೆ ಅದನ್ನು ಕಲ್ಲು ತುಂಬಿ ಮುಚ್ಚಿದ್ದರು. ಅಲ್ಲಿಯ ಹಲಗೆಗಳನ್ನು ಎತ್ತಿದರೆ ಅಂಗೈ ದಪ್ಪದ ರತ್ನಗಂಬಳಿ. ಅವಳ ಪ್ರೊಫೆಸರು ಅದನ್ನು 'ಬಂಗಾರದ ಮೂಲೆ' ಎಂದು ಕರೆದರು, ಹಲಗೆ ಹಿಡಿದು ಫೋಟೊ ತೆಗೆಸಿಕೊಂಡರು.

ಪ್ರತಿವರ್ಷ ಮಳೆಗೆ ಮುಂಚೆ ಆ ಮೂಲೆಗೆ ಜೇಡಿಮಣ್ಣು ತುಂಬಿ ದಮ್ಮಸು ಹೊಡೆಸುವುದು ಭಾವನ ವಾಡಿಕೆ. ಈ ವರ್ಷ ಮಣ್ಣಿನ ಗಾಡಿ ಬಂದ ದಿನ ಪಾಚಿ ಒದ್ದೆ ಪ್ಯಾಂಟಿನಲ್ಲೇ ಅವರ ಆಫೀಸಿಗೆ ಓಡಿದ್ದಳು.

"ಭಾವ, ಆ ಮೂಲೆಗೆ ಮಣ್ಣು ಹಾಕಿದ್ರೆ ಎಲ್ಲ ಉಸಿರುಕಟ್ಟಿ ಸಾಯ್ತವೆ. ಒಂದೇ ಒಂದು ವರ್ಷ ಬಿಟ್ಬಿಡಿ."

"ಬಿಟ್ರೆ ನಮ್ಮ ಏರಿ ಏನನ್ನುತ್ತೆ?"

"ಏರಿಗೆ ಬಾಯಿಲ್ಲ ಭಾವ. ನನ್ನ ಪ್ರಾಣಿಗೆ ಸಾವಿರ ಬಾಯಿ."

ಭಾವ ಮೇಜು ತಟ್ಟಿ ನಕ್ಕಿದ್ದರು. ಒಳ್ಳೆಯ ಮಾತಿಗೆ ಸೋಲುವುದು ಅವರ ದೌರ್ಬಲ್ಯ. ಗಾಡಿಯನ್ನು ವಾಪಸು ಕಳಿಸಿದ್ದಲ್ಲದೆ, 'ಸಮೀಕ್ಷೆ ನಡೆಯುತ್ತಿದೆ, ಮುಟ್ಟಬೇಡಿ' ಎಂದು ತಾವೇ ಬೋರ್ಡು ಬರೆಸಿ ನೆಡಿಸಿದ್ದರು.

ಆಮೇಲೆ ಮಳೆ ಬಂತು, ಕೆರೆ ಅಂಚಿನವರೆಗೆ ತುಂಬಿತು, ಬಿಸಿಲೂ ಬಂತು.

ಒಂದು ದಿನ ಬೆಳಗ್ಗೆ ಪಾಚಿ ಬಂಗಾರದ ಮೂಲೆಯ ಹಲಗೆ ಎತ್ತಿದಾಗ ಅದು ಒಂದೇ ಕೈಗೆ ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮಗುಚಿದರೆ ಮುಷ್ಟಿ ದಪ್ಪ. ಪುಸ್ತಕಗಳಲ್ಲೂ ಅವಳು ಇಂಥದ್ದನ್ನು ಕಂಡಿರಲಿಲ್ಲ. ಖುಷಿಯಲ್ಲಿ ಕೆರೆಯತೊಡಗಿದಳು. ಕೆರೆದಲ್ಲೆಲ್ಲ ಕಂದು ಬಿಲ್ಲೆಗಳು ಕಳಚಿಕೊಂಡು ನೀರ ಮೇಲೆ ಕಾಫಿಪುಡಿ ಚೆಲ್ಲಿದಂತೆ ಹರಡಿದವು. ಈ ಬಿಲ್ಲೆಗಳೇ ಪ್ರಾಣಿಯ ಬೀಜ. ಗಸಗಸೆ ಕಾಳಿಗಿಂತ ಸಣ್ಣವು, ಅಂಚಿನಲ್ಲಿ ಗಾಳಿ ತುಂಬಿದ ಬಳೆ. ಅದರಿಂದಾಗಿ ತೇಲುತ್ತವೆ, ಗಾಳಿ ತಳ್ಳಿದ ಕಡೆಗೆ ಹೋಗುತ್ತವೆ.

ಗಾಳಿ ಅವತ್ತು ಏರಿಯ ಕಡೆಯಿಂದ ಕೆರೆಯ ಕಡೆಗೆ ಬೀಸುತ್ತಿತ್ತು. ಏರಿಗೆ ಮುಖ ಮಾಡಿ ನಿಂತ ಅವಳ ಕೂದಲೆಲ್ಲ ಹಿಂದಕ್ಕೆ ಹಾರುತ್ತಿತ್ತು. ಬಿಲ್ಲೆಗಳು ಅವಳನ್ನು ದಾಟಿ ಕೆರೆಯ ಒಳಗೆ ಹೋಗಬೇಕಿತ್ತು.

ಹೋಗಲಿಲ್ಲ. ಒಂದು ಕ್ಷಣ ಅನುಮಾನಿಸಿದವರಂತೆ ನಿಂತು, ಗಾಳಿಗೆ ಎದುರಾಗಿ ತಿರುಗಿದವು. ಮೊದಲು ಒಂದೊಂದಾಗಿ, ಆಮೇಲೆ ಸಾಲುಗಟ್ಟಿ, ಏರಿಯ ಕಲ್ಲುಗಳತ್ತ ಜಾರಿದವು. ನೀರಂಚಿನಿಂದ ಆಳಕ್ಕೆ ಇಳಿದಿದ್ದ ಒಂದು ಕಲ್ಲುಸಂದಿಯ ಬಳಿ ಬಂದು ಸಾಲಾಗಿ ಒಳಗೆ ಹೋದವು. ಸದ್ದಿಲ್ಲ, ಗುಳ್ಳೆಯಿಲ್ಲ.

ಪಾಚಿ ಇನ್ನೊಂದು ಹಿಡಿ ಕೆರೆದು ಬಿಟ್ಟಳು. ಅದೂ ಹೋಯಿತು.

ಅವಳ ಕಾಲಡಿಯ ಕೆಸರು ಇದ್ದಕ್ಕಿದ್ದಂತೆ ತಣ್ಣಗಾದಂತೆ ಅನಿಸಿತು. ಈ ಪ್ರಾಣಿ ಎಲ್ಲಕ್ಕಿಂತ ಹುಲುಸಾಗಿ ಬೆಳೆಯುವುದು ನೀರು ಕೆರೆಯನ್ನು ಬಿಟ್ಟು ಹೊರಡುವ ಜಾಗದಲ್ಲಿ. ಹರಿವ ನೀರು ಬಾಯಿಬಾಯಿಗೂ ಅನ್ನ ತಂದಿಡುತ್ತದೆ. ಇದು ಮೊದಲ ವರ್ಷದ ಪಾಠ. ಅವಳೇ ಅದನ್ನು ಎಷ್ಟೋ ತರಗತಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟಿದ್ದಳು. ಬಂಗಾರದ ಮೂಲೆಯಲ್ಲಿ ಇಷ್ಟು ದಿನ ಔತಣ ನಡೆದಿತ್ತು. ಪ್ರೊಫೆಸರಾಗಲಿ ಅವಳಾಗಲಿ ಬಡಿಸುತ್ತಿದ್ದವರು ಯಾರೆಂದು ಮಾತ್ರ ಕೇಳಿರಲಿಲ್ಲ.

ಅವಳು ಹಲಗೆಯನ್ನು ಹಾಗೇ ಬಿಟ್ಟು ಏರಿ ಹತ್ತಿ ಆಚೆ ಬದಿಗೆ ಇಳಿದಳು. ಅಕ್ಕ ಹಿತ್ತಿಲಲ್ಲಿ ಬಟ್ಟೆ ಜಾಲಿಸುತ್ತಿದ್ದಳು.

"ಬಾರೇ ಪುಟ್ಟಿ. ಆ ಗಬ್ಬು ಪ್ಯಾಂಟು ಹೊರಗೇ ಬಿಚ್ಚು. ಒಳಗೆ ಬಂದ್ರೆ ಮನೆ ಪೂರ್ತಿ ಮೀನಿನ ವಾಸನೆ."

ಏರಿಯ ಬುಡದಲ್ಲಿ ಒಂದು ಒರತೆ ಜಿನುಗುತ್ತಿತ್ತು. ಅಕ್ಕ ಅದಕ್ಕೊಂದು ಗುಂಡಿ ತೋಡಿ, ಸುತ್ತ ಇಟ್ಟಿಗೆ ಜೋಡಿಸಿ ತೊಟ್ಟಿ ಮಾಡಿಕೊಂಡಿದ್ದಳು. ಈ ಹಿತ್ತಿಲಿನಷ್ಟು ಹಸಿರು ಬೀದಿಯಲ್ಲಿ ಬೇರೆಲ್ಲೂ ಇರಲಿಲ್ಲ. ಸೊಪ್ಪು ಕಿತ್ತಷ್ಟೂ ಬರುತ್ತಿತ್ತು. ಒರತೆಯ ವಿಷಯ ಭಾವನಿಗೂ ಗೊತ್ತು. ಏರಿಯ ಕೆಲಸದವರಿಗೆಲ್ಲ ಗೊತ್ತಿರುವ ನಿಯಮವನ್ನು ಅವರು ಹೆಂಡತಿಗೂ ಹೇಳಿಕೊಟ್ಟಿದ್ದರು: ತಿಳಿನೀರು ಬಂದರೆ ಏರಿ ಬೆವರುತ್ತಿದೆ, ಬಗ್ಗಡ ಬಂದರೆ ಏರಿ ಕರಗುತ್ತಿದೆ. ತೊಟ್ಟಿಯ ನೀರು ಕನ್ನಡಿಯಷ್ಟು ತಿಳಿಯಾಗಿತ್ತು.

"ಅಕ್ಕ, ಈ ನೀರು ಮೊದಲಿಗಿಂತ ಜಾಸ್ತಿ ಆಗಿದ್ಯಾ?"

"ಆಗಿದೆ ಕಣೇ. ಮುಂಚೆ ಒಂದು ಕೊಡ ತುಂಬೋಕೆ ಅರ್ಧ ಗಂಟೆ ಕಾಯ್ತಿದ್ದೆ. ಈಗ ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಲ್ಲೋ ಹೊತ್ತಿಗೆ ತುಂಬಿರುತ್ತೆ. ನನ್ನ ಅದೃಷ್ಟ ನೋಡಿ ಪಕ್ಕದ್ಮನೆಯೋಳಿಗೆ ಹೊಟ್ಟೆ ಉರಿ." ಅಕ್ಕ ತೊಟ್ಟಿಯ ಅಂಚನ್ನು ಅಂಗೈಯಿಂದ ಒರೆಸಿದಳು. "ಇದೊಂದು ಕಾಟ ಮಾತ್ರ. ಅದೆಂಥದೋ ಧೂಳು ಬಂದು ಕೂರುತ್ತೆ. ಬಿಳಿ ಬಟ್ಟೆಗೆಲ್ಲ ಮೆತ್ಕೊಳ್ಳುತ್ತೆ."

ಅಂಗೈಗೆ ಕಂದು ಪುಡಿ ಅಂಟಿತ್ತು.

ಪಾಚಿ ಕೊರಳಲ್ಲಿ ತೂಗುತ್ತಿದ್ದ ಭೂತಗನ್ನಡಿಯನ್ನು ಅಕ್ಕನ ಅಂಗೈ ಮೇಲೆ ಹಿಡಿದಳು. ಭೂತವೇ ಕಂಡಂತಾಯಿತು. ಉರುಟು ಬಿಲ್ಲೆಗಳು, ಅಂಚಿನಲ್ಲಿ ಗಾಳಿಯ ಬಳೆ. ಒಂದಲ್ಲ, ಎರಡಲ್ಲ, ಅಂಗೈ ತುಂಬ.

"ಏನೇ ಅದು? ಯಾಕೆ ಮುಖ ಹಂಗೆ ಮಾಡ್ಕೊಂಡೆ?"

"ಮಣ್ಣಲ್ಲಿ ನೀರು ಸೋಸಿ ಬರುತ್ತೆ ಅಕ್ಕ. ಇವು ಬರಲ್ಲ. ಜೇಡಿಮಣ್ಣಲ್ಲಿ ಇದರ ಹತ್ತನೇ ಒಂದು ಭಾಗದ್ದೂ ತೂರಲ್ಲ."

"ಮತ್ತೆ ಹೆಂಗೆ ಬಂತು?"

"ನಡ್ಕೊಂಡು ಬಂದಂಗೆ ಬಂದಿದೆ. ಒಳಗೆ ದಾರಿಯಾಗಿದೆ." ಅವಳು ಏರಿಯನ್ನು ನೋಡಿದಳು. ಹುಲ್ಲು ಹೊದ್ದು ಸುಮ್ಮನೆ ನಿಂತಿತ್ತು. "ಅಕ್ಕ, ನೀನು ಈಗಲೇ ಮೇಲಿನ ರಸ್ತೆಗೆ ಹೋಗು. ಬೀದಿಯವರನ್ನೆಲ್ಲ ಕರ್ಕೊಂಡು ಹೋಗು."

"ಒಲೆ ಮೇಲೆ ಅನ್ನ ಇದೆ ಕಣೇ!"

"ಅನ್ನ ಇರಲಿ, ನೀನು ಹೊರಡು."

ಅಕ್ಕ ಅಂದರೆ ಅಕ್ಕ. ಒಲೆ ಆರಿಸಿ, ಪಾತ್ರೆಗೆ ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ಭಾರ ಇಟ್ಟೇ ಹೊರಬಿದ್ದಳು.

ಭಾವನ ಆಫೀಸು ಬೀದಿಯಿಂದ ಕೂಗಳತೆಯ ದೂರ. ಫ್ಯಾನಿನ ಕೆಳಗೆ ಕೂತು ಕಿಟಕಿಯ ಕಾಗೆಗೆ ಕಾಗೆಯ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದವರು, ಅವಳನ್ನು ಕಂಡದ್ದೇ ಧ್ವನಿ ಬದಲಿಸಿದರು. ಅವಳದೇ ಧ್ವನಿ, ಅವಳದೇ ಅವಸರ.

"ಭಾವ, ಭಾವ, ನನ್ನ ಮಕ್ಕಳಿಗೆ ಉಸಿರುಕಟ್ತಿದೆ!" ಅಂದು, ತಮ್ಮ ಧ್ವನಿಗೆ ಮರಳಿ ಕೇಳಿದರು, "ಇವತ್ತು ಯಾರು ಮುಟ್ಟಿದ್ರು ನಿನ್ನ ಮಕ್ಕಳನ್ನ?"

"ಗೇಟು ತೆಗೆಸಿ ಭಾವ. ಕೆರೆ ಖಾಲಿ ಮಾಡಿ."

"ಖಾಲಿ ಮಾಡಿದ್ರೆ ಅವು ಬಿಸಿಲಿಗೆ ಒಣಗಿ ಹಪ್ಪಳ ಆಗಲ್ವಾ?"

"ಆಗಲಿ."

ಆ ಒಂದು ಮಾತಿಗೆ ಭಾವನ ನಗು ಅರ್ಧಕ್ಕೆ ನಿಂತಿತು. ಅವಳು ಮೇಜಿನ ಮೇಲೊಂದು ಬಿಳಿ ಹಾಳೆ ಹಾಸಿ, ಕರವಸ್ತ್ರದಲ್ಲಿ ತಂದ ಪುಡಿ ಉದುರಿಸಿ, ಭೂತಗನ್ನಡಿ ಕೊಟ್ಟಳು. ಗಾಳಿಗೆ ಎದುರು ಹೋದದ್ದನ್ನು ಹೇಳಿದಳು, ಕಲ್ಲುಸಂದಿಯನ್ನು ಹೇಳಿದಳು, ತೊಟ್ಟಿಯನ್ನು ಹೇಳಿದಳು.

"ನೀರು ತಿಳಿಯಾಗೇ ಇದೆಯಲ್ಲ," ಅಂದರು ಭಾವ. ಹೇಳುವಾಗಲೇ ತಮ್ಮ ಮಾತಿನ ಮೇಲೆ ನಂಬಿಕೆ ಕಳೆದುಕೊಂಡವರಂತೆ ಕೇಳಿಸಿತು.

"ಸಡಿಲ ಮಣ್ಣೆಲ್ಲ ಮಳೆಗಾಲದಲ್ಲೇ ಕೊಚ್ಚಿಹೋಗಿರುತ್ತೆ. ಆಗ ಎಲ್ಲೆಲ್ಲೂ ಬಗ್ಗಡವೇ, ಯಾರು ನೋಡಿದ್ರು? ಈಗ ಒಳಗೆ ಕೊಳವೆ ಥರ ಆಗಿದೆ, ತಿಳಿನೀರೇ ಬರುತ್ತೆ. ಅದರ ಚಾವಣಿ ಎಲ್ಲಿಯವರೆಗೆ ನಿಲ್ಲುತ್ತೋ ಅಲ್ಲಿಯವರೆಗೆ."

ಭಾವ ದೊಡ್ಡ ಸಾಹೇಬರಿಗೆ ಫೋನು ಹಚ್ಚಿದರು. ಸಾಹೇಬರು ಮೀಟಿಂಗಿನಲ್ಲಿದ್ದರು, ಫೋನು ಅವರ ಜೇಬಿನಲ್ಲಿ, ಮೀಟಿಂಗಿಗಿಂತ ಆಳದಲ್ಲಿತ್ತು; ಯಾರೂ ಎತ್ತಲಿಲ್ಲ. ಸಾಹೇಬರ ಬಾಯಿಂದ ಅಪ್ಪಣೆ ಬರದೆ ಊರು ಕುಡಿಯುವ ನೀರನ್ನು ನದಿಗೆ ಬಿಡುವಂತಿಲ್ಲ. ಬಿಟ್ಟರೆ ಕೆಲಸ ಹೋಗುತ್ತದೆ. ಕೆಲಸ ಹೋಗುವ ಮುಂಚೆ ಒಂದು ಪ್ರಶ್ನೆಯೂ ಬರುತ್ತದೆ: ಆ ಮೂಲೆಗೆ ಈ ವರ್ಷ ಯಾಕೆ ಮಣ್ಣು ಬೀಳಲಿಲ್ಲ? ಕಿಟಕಿಯ ಕಾಗೆ ಹಾರಿಹೋಯಿತು.

ಭಾವ ಎದ್ದು ಬಾಗಿಲು ಹಾಕಿದರು. ಗೇಟಿನವನ ನಂಬರು ಒತ್ತಿ, ಮೂಗನ್ನು ಬೆರಳಿನಿಂದ ಕೊಂಚ ಹಿಡಿದರು.

"ಹಾಂ... ಯಾರಪ್ಪಾ... ಗೇಟಾ? ನೋಡು... ನಾನು... ಗೊತ್ತಾಯ್ತಲ್ಲ. ಗೇಟು... ಪೂರ್ತಿ... ಎತ್ತಿಬಿಡು. ಕಾರಣ ಆಮೇಲೆ. ಈಗಿಂದೀಗಲೇ... ಹಾಂ."

ಸಾಕ್ಷಾತ್ ಸಾಹೇಬರೇ.

"ಸೂಪರ್‌ವೈಸರ್ ಸಾರ್," ಅಂದ ಗೇಟಿನವ. "ದೊಡ್ಡ ಸಾಹೇಬ್ರು ನಂಗೆ ಇದುವರೆಗೆ ಒಂದು ಸಲವೂ ಫೋನ್ ಮಾಡಿಲ್ಲ ಸಾರ್. ನೀವೇ ಅಂತ ಗೊತ್ತು."

ಭಾವ ಮೂಗು ಬಿಟ್ಟರು.

"ತೆಗೀತೀನಿ ಬಿಡಿ ಸಾರ್. ತಮಾಷೆ ಮಾಡೋವಾಗ ಕೊನೇಲಿ ನಗು ತಡೀಲಾರದೆ ಕೆಮ್ತೀರಿ. ಇವತ್ತು ಕೆಮ್ಮಲಿಲ್ಲ ನೀವು."

ಗೇಟಿನ ಚಕ್ರ ತುಕ್ಕು ಹಿಡಿದಿತ್ತು. ಒಬ್ಬನ ಕೈಗೆ ಬಗ್ಗಲಿಲ್ಲ. ಭಾವ ತಾವೇ ಹೋಗಿ ಹೆಗಲು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಗೇಟಿನಿಂದ ನೀರು ಭೋರೆಂದು ನದಿಯ ಕಾಲುವೆಗೆ ಬೀಳತೊಡಗಿತು. ಆದರೆ ಕೆರೆ ಅಗಲ. ಅಷ್ಟು ನೀರು ಹೋದರೂ ಕಲ್ಲಿನ ಮೇಲಿನ ಒದ್ದೆ ಗುರುತು ಒಂದು ಬೆರಳು ಇಳಿಯುವುದಕ್ಕೆ ಯುಗ ಹಿಡಿದಂತೆ ಅನಿಸಿತು. ಪಾಚಿ ಮೂಲೆಯ ಹೊರಬದಿಗೆ ಹೋಗುವಳು, ನೋಡುವಳು, ಮೇಲಿನ ರಸ್ತೆಗೆ ಬರುವಳು.

ರಸ್ತೆಯಲ್ಲಿ ಬೀದಿಯ ಮನೆಮಂದಿಯೆಲ್ಲ ಗಂಟುಮೂಟೆ ಸಮೇತ ಕೂತಿದ್ದರು. ಮೊದಮೊದಲು ಹೆದರಿಕೆ, ಆಮೇಲೆ ಹಸಿವು, ಅದರ ಹಿಂದೆಯೇ ಕೊಂಕು.

"ಪಾಚಿ ಮೇಲೆ ಕಾಲಿಟ್ಟು ಜಾರಿದೋರನ್ನ ನೋಡಿದ್ದೆ," ಅಂದ ದರ್ಜಿ, ತನ್ನ ಹೊಲಿಗೆ ಮಿಷನ್ನಿನ ಮೇಲೆ ಮೊಣಕೈಯೂರಿ. "ಪಾಚಿ ಮಾತು ಕೇಳಿ ಬೀದಿಗೆ ಬೀದಿಯೇ ಜಾರಿದ್ದು ಇದೇ ಮೊದಲು."

"ಮೇಡಂ, ಸಾಯಂಕಾಲದ ಒಳಗೆ ಏರಿ ಒಡೀದಿದ್ರೆ ನಾವೇ ಒಡೀಬೇಕಾ?" ಅಂದಳು ಪಕ್ಕದ ಮನೆಯವಳು.

ಪಾಚಿ ನಗಲು ನೋಡಿದಳು. ಆಗಲಿಲ್ಲ. ಬಿಸಿಲು ಇಳಿಯತೊಡಗಿತ್ತು. ಕೆರೆಯಲ್ಲಿ ಅವಳ ಹಲಗೆಗಳು ಒಂದೊಂದಾಗಿ ನೀರಿನಿಂದ ಮೇಲೆ ಬಂದು ಹಗ್ಗದಲ್ಲಿ ತಿರುಗುತ್ತಿದ್ದವು. ಅವುಗಳ ಅಡಿಯ ಸಾವಿರ ಬಾಯಿಗಳು ಬಿಸಿಲಿಗೆ ಸುರುಟಿ ಕಪ್ಪಾಗುತ್ತಿದ್ದವು. ಮೀನು ಕೊಳೆತಂಥ ವಾಸನೆ ರಸ್ತೆಯವರೆಗೂ ಬಂತು. ಇಡೀ ವರ್ಷದ ದುಡಿಮೆ. ಒಣಗಲಿ, ಬೇಗ ಒಣಗಲಿ ಎಂದು ಅವಳು ಹಲ್ಲು ಕಚ್ಚಿ ನೋಡುತ್ತಿದ್ದಳು. ಅರ್ಧ ನೀರು ಹೋಗಿತ್ತು. ಇನ್ನರ್ಧ ಹಾಗೇ ಇತ್ತು.

ಇಬ್ಬರು ಮೂವರು ಎದ್ದು ಮೈ ಮುರಿದು ಮನೆಗಳ ಕಡೆ ಇಳಿಯತೊಡಗಿದರು. ಅವರನ್ನು ತಡೆಯುವ ಗದ್ದಲದಲ್ಲಿ ಅಕ್ಕ ಎದ್ದು ಹೋದದ್ದನ್ನು ಪಾಚಿ ನೋಡಲಿಲ್ಲ.

"ಅಕ್ಕ ಎಲ್ಲಿ?"

"ಗಂಡನ ಬಿ.ಪಿ. ಮಾತ್ರೆ ತರ್ತೀನಿ ಅಂತ ಹೋದ್ಲಪ್ಪ," ಅಂದಳು ಪಕ್ಕದ ಮನೆಯವಳು.

ಆಗ ಕೆಳಗಿನಿಂದ, ಕೊನೆಯ ಮನೆಯ ಹಿತ್ತಿಲಿನಿಂದ, ಅಕ್ಕನ ಕೂಗು ಕೇಳಿಸಿತು. ಗಾಬರಿಯ ಕೂಗಲ್ಲ, ಗೆಲುವಿನದು.

"ಪುಟ್ಟೀ, ಬಂದು ನೋಡೇ! ನೀರು ನಿಂತೇಹೋಯ್ತು! ಒಂದು ಹನಿ ಇಲ್ಲ!"

ಬೀದಿಯವರು ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಪಾಚಿ ಓಡುತ್ತಿದ್ದಳು. ಒಳಗಿನ ಕೊಳವೆಯ ಚಾವಣಿ ಕುಸಿದರೆ ಮೊದಲು ನೀರು ನಿಲ್ಲುತ್ತದೆ. ಕುಸಿದ ಮಣ್ಣಿನ ಹಿಂದೆ ನೀರು ತುಂಬುವವರೆಗೆ, ಅಷ್ಟು ಹೊತ್ತು ಮಾತ್ರ, ನಿಲ್ಲುತ್ತದೆ. ಕೂಗಿ ಹೇಳಲು ಉಸಿರಿರಲಿಲ್ಲ. ಅಡುಗೆಮನೆ ದಾಟಿ ಹಿತ್ತಿಲಿಗೆ ನುಗ್ಗಿ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಅಕ್ಕನ ರಟ್ಟೆ ಹಿಡಿದು ಎಳೆದಳು.

"ಬಿಡೇ, ಕೈ ನೋಯ್ತಿದೆ! ಮಾತ್ರೆ ಇನ್ನೂ ತಗೊಂಡಿಲ್ಲ..."

ಏರಿಯ ಹುಲ್ಲಿನ ನಡುವೆ ಒಂದು ಗೆರೆ ಬಿದ್ದಿತ್ತು. ಅಕ್ಕನೂ ಅದನ್ನು ಕಂಡಳು. ಆಮೇಲೆ ಅವಳನ್ನು ಎಳೆಯಬೇಕಾಗಲಿಲ್ಲ.

ದೊಡ್ಡ ಸದ್ದೇನೂ ಆಗಲಿಲ್ಲ. ದಣಿದವರು ಕೂರುವ ಹಾಗೆ ಏರಿ ಇದ್ದಲ್ಲೇ ಕೂತಿತು. ಅದು ಕೂತ ಜಾಗದಿಂದ ಕಂದು ನೀರು ಬಗ್ಗಿಕೊಂಡು ಒಳಗೆ ಬಂತು. ಅಕ್ಕನ ಹಿತ್ತಿಲು ಹೋಯಿತು, ಅಡುಗೆಮನೆ ಹೋಯಿತು, ಭಾರ ಹೊತ್ತ ಮುಚ್ಚಳದ ಸಮೇತ ಅನ್ನದ ಪಾತ್ರೆ ಹೋಯಿತು. ಪಕ್ಕದ ಮನೆಯ ಗೋಡೆ ನಿಧಾನಕ್ಕೆ ಮಂಡಿಯೂರಿತು. ಬೀದಿಯಲ್ಲಿ ಸೊಂಟದುದ್ದ ನೀರು. ಗೇಟು ತೆಗೆಯದಿದ್ದರೆ ಚಾವಣಿಯುದ್ದ ಇರುತ್ತಿತ್ತು. ಅಕ್ಕತಂಗಿಯರು ಮೇಲಿನ ರಸ್ತೆ ಹತ್ತುವಾಗ ಕೊನೆಯ ನಾಲ್ಕಾರು ಹೆಜ್ಜೆ ನೀರೇ ಅವರನ್ನು ಹಿಂದಿನಿಂದ ತಳ್ಳಿತು. ದರ್ಜಿ ಕೈ ಚಾಚಿ ಇಬ್ಬರನ್ನೂ ಎತ್ತಿಕೊಂಡ.

ಯಾರೂ ಸತ್ತಿರಲಿಲ್ಲ. ಮತ್ತೆ ಮತ್ತೆ ಎಣಿಸಿದರೂ ಬೀದಿಯವರು ಪೂರ್ತಿ ಇದ್ದರು. ಕೊಂಕು ನುಡಿದ ಬಾಯಿಗಳೇ ಈಗ ಪಾಚಿ ಮೇಡಂ ದೇವರು ಅಂದವು. ಯಾರೋ ಒಂದು ಕಂಬಳಿ ತಂದು ಇಬ್ಬರ ಹೆಗಲಿಗೂ ಸೇರಿಸಿ ಹೊದಿಸಿದರು. ಭಾವ ಸುತ್ತುಹಾದಿಯಲ್ಲಿ ಓಡಿ ಬಂದು, ಹೆಂಡತಿಯನ್ನು ಕಂಡು, ಎದುರಿಗೆ ನೆಲದ ಮೇಲೆಯೇ ಕೂತರು. ಅವರ ಅಂಗೈಗಳು ತುಕ್ಕು ಹತ್ತಿ ಕೆಂಪಗಿದ್ದವು.

ಅಕ್ಕ ತನ್ನ ಮನೆಯಿದ್ದ ಕಡೆ ನೋಡಿದಳು. ಕತ್ತಲು ಇಳಿಯುತ್ತಿತ್ತು.

"ವರ್ಷಾ ವರ್ಷಾ ಆ ಮೂಲೆಗೆ ಮಣ್ಣು ಹಾಕಿಸ್ತಿದ್ರಲ್ಲ," ಅಂದಳು. ಕೇಳಿದ್ದು ಗಂಡನನ್ನು, ಕೋಪವೇನೂ ಇರಲಿಲ್ಲ, ಬರೀ ಅಚ್ಚರಿ. "ಈ ಸಲ ಯಾಕೆ ಹಾಕಿಸ್ಲಿಲ್ಲ ನೀವು?"

ಭಾವ ಬಾಯಿ ತೆರೆದರು. ಎಷ್ಟೋ ಧ್ವನಿಗಳಿದ್ದ ಆ ಗಂಟಲಿನಿಂದ ಒಂದೂ ಹೊರಡಲಿಲ್ಲ.

"ನಾನು ಬೇಡ ಅಂದೆ ಅಕ್ಕ," ಅಂದಳು ಪಾಚಿ. "ಅಲ್ಲಿ ಚೆನ್ನಾಗಿ ಬೆಳೀತಿತ್ತು."

ಅಕ್ಕ ತಿರುಗಿ ಅವಳ ಮುಖವನ್ನು ನೋಡಿದಳು. ಇಬ್ಬರನ್ನೂ ಮುಚ್ಚಿದ್ದ ಕಂಬಳಿಯ ಅಂಚನ್ನು ಹಿಡಿದು, ಮೆಲ್ಲಗೆ, ತನ್ನ ಕಡೆಗೆ ಎಳೆದುಕೊಳ್ಳತೊಡಗಿದಳು.